ಕಂಪ್ಯೂಟರ್ ಪರದೇಲಿ ಹಿಮ ಬೀಳ್ತಿದೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ತಂತ್ರಜ್ಞಾನದ ಪುಟದಲ್ಲಿ ಬರೀ ಹೊಸ ಫೋನ್‌ಗಳದ್ದೇ ಸುದ್ದಿ, ಅದಕ್ಕೇ ಈ ಪತ್ರ. ನಮ್ಮನೆ ಹಳೇ ಲಿನಕ್ಸ್ ಕಂಪ್ಯೂಟರ್‌ಗೆ ಡಿಸೆಂಬರ್ ಬಂದ್ರೆ ಎಕ್ಸ್‌ಸ್ನೋ ಅನ್ನೋ ಪುಟ್ಟ ಪ್ರೋಗ್ರಾಮ್ ಹಾಕ್ತೀನಿ, ಪರದೆ ತುಂಬಾ ಹಿಮ ಉದುರುತ್ತೆ, ಸ್ಯಾಂಟಾ ಗಾಡಿ ಅಡ್ಡ ಹಾದುಹೋಗುತ್ತೆ, ಚೆಂದ ಏನಪ್ಪಾ ಅಂದ್ರೆ ತೆರೆದಿಟ್ಟ ವಿಂಡೋ ತಲೆ ಮೇಲೆ ಹಿಮ ಕೂತ್ಕೊಂಡು ದಪ್ಪ ಆಗ್ತಾ ಹೋಗುತ್ತೆ, ಮಗಳು ಆ ವಿಂಡೋನ ಮೌಸಲ್ಲಿ ಎಳೆದಾಡೋದೇ ಒಂದು ಆಟ. ರಿಕ್ ಯಾನ್ಸೆನ್ ಅನ್ನೋರು ಇದನ್ನ 1984ರಲ್ಲಿ ಮ್ಯಾಕಿಂಟಾಷ್‌ಗೆ ಶುಭಾಶಯ ಪತ್ರದ ಥರ ಮಾಡಿದ್ದಂತೆ, 1993ರಲ್ಲಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಡೆಗೆ ಬಂತು. ಉಬುಂಟು, ಡೆಬಿಯನ್ ಅನ್ನೋ ಲಿನಕ್ಸ್‌ಗಳಲ್ಲಿ ಅವುಗಳದೇ ಸಾಫ್ಟ್‌ವೇರ್ ಭಂಡಾರದಿಂದ ಪುಕ್ಕಟೆ ಸಿಗುತ್ತೆ, ಪರದೆ ಮೇಲೆ ವಿಂಡೋಗಳನ್ನ ತೋರಿಸೋ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ಸತಾಯಿಸಿದ್ರೆ ಲಾಗಿನ್ ಆಗೋವಾಗ ಹಳೇ ವ್ಯವಸ್ಥೆ ಎಕ್ಸ್‌ಆರ್ಗ್ ಇದ್ರೆ ಅದನ್ನ ಆರಿಸ್ಕೊಳ್ಳಿ.

ವಿಂಡೋಸ್‌ನೋರು ಮಾತ್ರ ಸಿಕ್ಕ ಸಿಕ್ಕ ಸೈಟಿಂದ "ಫ್ರೀ ಸ್ನೋ" ಇಳಿಸ್ಕೋಬೇಡಿ, ನಾನು ಇಳಿಸ್ಕೊಂಡು ಒಂದು ವಾರ ಜಾಹೀರಾತು ಮುಚ್ಚೋದ್ರಲ್ಲೇ ಕಳೆದೆ, ಹಿಮ ಒಂದು ಹನಿನೂ ಬೀಳಲಿಲ್ಲ!

ಇಂಥ ಸಣ್ಣಪುಟ್ಟ ಪ್ರೋಗ್ರಾಮ್‌ಗಳ ಬಗ್ಗೆನೂ ವಾರಕ್ಕೊಂದು ಬರೀರಿ ಸಾರ್. ಹಾಗೇ ಯಾರಾದ್ರೂ ಹುಡುಗ್ರು ಮಡಿಕೇರಿ ಮಂಜು ಪರದೆ ಮೇಲೆ ಕವಿಯೋ ಹಾಗೆ ಒಂದು ಮಾಡಿದ್ರೆ ಮೊದಲು ಹಾಕ್ಕೊಳ್ಳೋನು ನಾನೇ.

– ಒಬ್ಬ ಓದುಗ, ದಾವಣಗೆರೆ