ಮುಖ ನೋಡದವರಿಗೂ ಒಂದು ನಮಸ್ಕಾರ

ಮಗಳ ರಕ್ತದ ಕ್ಯಾನ್ಸರ್ ಚಿಕಿತ್ಸೆ ಕಳೆದ ವಾರ ಮುಗಿಯಿತು. ಎಎಲ್‌ಎಲ್ ಎಂಬ ಬಗೆಯ ರಕ್ತದ ಕ್ಯಾನ್ಸರ್ ಅಂತ ಗೊತ್ತಾದಾಗ ಅವಳಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಮಾತ್ರೆಗಳು ನಿಂತಿವೆ, ರಕ್ತಕಣಗಳ ಕೌಂಟ್ ಚೆನ್ನಾಗಿದೆ. ಇನ್ನು ತಪಾಸಣೆಗೆ ಹೋಗಿಬಂದರೆ ಸಾಕು.

ಡಾಕ್ಟರು, ಸಿಸ್ಟರ್‌ಗಳು, ರಾತ್ರೋರಾತ್ರಿ ಬಂದು ಪ್ಲೇಟ್‌ಲೆಟ್ ಕೊಟ್ಟ ಹುಡುಗರು, ಇವರಿಗೆಲ್ಲ ಎದುರಲ್ಲೇ ಕೈ ಮುಗಿದಿದ್ದೇವೆ. ಎಂದೂ ನೋಡದ ಕೆಲವರಿಗೂ ಮುಗಿಯಬೇಕಿದೆ.

ಅವಳು ವಾರಕ್ಕೊಮ್ಮೆ ನುಂಗುತ್ತಿದ್ದ ಮೆಥೋಟ್ರೆಕ್ಸೇಟ್ ಮಾತ್ರೆಗೆ ಅಮಿನಾಪ್ಟೆರಿನ್ ಎಂಬ ಔಷಧ ಅಣ್ಣನಿದ್ದಂತೆ. ಅಮೆರಿಕದ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ 1947ರ ಕೊನೆಗೆ ಡಾಕ್ಟರ್ ಸಿಡ್ನಿ ಫಾರ್ಬರ್ ಅದನ್ನು ಈ ಕಾಯಿಲೆಯ ಮಕ್ಕಳಿಗೆ ಕೊಟ್ಟು ನೋಡಿದರು. ಅದು ಬಂದದ್ದು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. 1948ರಲ್ಲಿ ಫಾರ್ಬರ್ ವರದಿ ಮಾಡಿದ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡಿದ್ದರು. ಆದರೆ ಆ ಚೇತರಿಕೆ ಉಳಿಯುತ್ತಿದ್ದದ್ದು ಕೆಲವು ತಿಂಗಳಷ್ಟೇ.

ಆ ಮಕ್ಕಳ ಅಪ್ಪ ಅಮ್ಮಂದಿರ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಜ್ವರ ಇಳಿದು, ಮಗು ಮತ್ತೆ ಊಟ ಕೇಳಿ, ಆಮೇಲೆ ಕಾಯಿಲೆ ಮರಳಿದರೆ ಹೇಗಿರುತ್ತದೆ? ಆ ಮಕ್ಕಳು ಪಟ್ಟ ಪಾಡಿನಿಂದಲೇ ಈ ಕಾಯಿಲೆಗೂ ಮದ್ದಿದೆ ಅಂತ ಜಗತ್ತಿಗೆ ಗೊತ್ತಾಯಿತು.

ಅಮೆರಿಕದ ಮೆಂಫಿಸ್‌ನಲ್ಲಿ ಮಕ್ಕಳ ಸೇಂಟ್ ಜೂಡ್ ಆಸ್ಪತ್ರೆ ಬಾಗಿಲು ತೆರೆದದ್ದು 1962ರಲ್ಲಿ. ಅಲ್ಲಿ ಡಾಕ್ಟರ್ ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟರು. ಮಿದುಳಿನ ಸುತ್ತ ಅವಿತ ಕ್ಯಾನ್ಸರ್ ಕಣಗಳನ್ನು ಕೊಲ್ಲಲು ತಲೆಗೆ ವಿಕಿರಣ, ಬೆನ್ನಹುರಿಯ ಸುತ್ತಲಿನ ದ್ರವಕ್ಕೆ ಔಷಧದ ಸೂಜಿ. ಆಗ ಸುಮಾರು ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾಗತೊಡಗಿದರು. ಆದರೆ ವಿಕಿರಣ ಪಡೆದ ಎಷ್ಟೋ ಮಕ್ಕಳಿಗೆ ಕಲಿಕೆಯಲ್ಲಿ ತೊಂದರೆಯಾಯಿತು. ಅವರನ್ನು ವರ್ಷಗಟ್ಟಲೆ ಗಮನಿಸಿ, ಅದಿಲ್ಲದೆ ಗುಣಪಡಿಸುವ ದಾರಿ ಹುಡುಕಿದರು. ಇದು ನನಗೆ ಎಲ್ಲಕ್ಕಿಂತ ದೊಡ್ಡ ಉಪಕಾರ. ಬೆನ್ನಿನ ಸೂಜಿಗೆ ನನ್ನ ಮಗಳು ಜಾಸ್ತಿ ಅತ್ತಿದ್ದಾಳೆ, ನಿಜ. ಆದರೆ ಅವಳ ತಲೆಗೆ ವಿಕಿರಣ ಬೇಕಾಗಲಿಲ್ಲ. ಈಗ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುತ್ತಾಳೆ.

ಆ ಮಕ್ಕಳಿಗೆ, ಅವರ ಮನೆಯವರಿಗೆ, ಒಂದೊಂದು ಡೋಸಿನ ಲೆಕ್ಕವನ್ನೂ ಬರೆದಿಟ್ಟವರಿಗೆ ನನ್ನ ನಮಸ್ಕಾರ.

ನಮ್ಮ ಡಾಕ್ಟರು ಅವಳ ಚಿಕಿತ್ಸೆಯ ವಿವರವನ್ನು ಒಂದು ಅಧ್ಯಯನಕ್ಕೆ ಸೇರಿಸಬಹುದಾ ಅಂತ ಕೇಳಿದ್ದರು. ಒಪ್ಪಿಗೆ ಪತ್ರವನ್ನು ಸಿಸ್ಟರ್ ಕನ್ನಡದಲ್ಲೇ ನಿಧಾನವಾಗಿ ಓದಿ ಹೇಳಿದರು. ನಾನೂ ನಮ್ಮ ಯಜಮಾನರೂ ಕೂಡಲೇ ಸಹಿ ಹಾಕಿದೆವು.