ನೆರೆಯವರ ನಷ್ಟಕ್ಕೆ ಮನೆ ವಿಮೆ ಇದೆಯೇ?

ಮನೆಯಿಂದಾಗಿ ಹೊರಗಿನವರಿಗೆ ಆಗುವ ಹಾನಿಯನ್ನು ಸಾಮಾನ್ಯ ಮನೆ ವಿಮೆ ಭರಿಸುವುದಿಲ್ಲ ಎಂಬುದು ಬಹಳಷ್ಟು ಮಾಲೀಕರಿಗೆ ಗೊತ್ತಿಲ್ಲ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಮೂಲ ಪಾಲಿಸಿ ಬೆಂಕಿ, ನೆರೆ, ಭೂಕಂಪದಂಥವುಗಳಿಂದ ನಮ್ಮದೇ ಕಟ್ಟಡ, ಸಾಮಾನುಗಳಿಗಾಗುವ ನಷ್ಟಕ್ಕೆ ಮಾತ್ರ. ಕಾಂಪೌಂಡಿನ ತೆಂಗಿನ ಮರದ ಒಣ ಗರಿ ಪಕ್ಕದವರ ಕಾರಿನ ಗಾಜಿನ ಮೇಲೆ ಬಿದ್ದರೆ (ತುಮಕೂರಿನಲ್ಲಿ ಇದೇನು ಅಪರೂಪವೇ?), ಪ್ಯಾರಾಪೆಟ್ ಮೇಲಿನ ಹೂಕುಂಡ ದಾರಿಹೋಕರ ತಲೆಗೆ ಬಡಿದರೆ, ಆಸ್ಪತ್ರೆ ಖರ್ಚು, ಪರಿಹಾರ, ವಕೀಲರ ಶುಲ್ಕ ಎಲ್ಲವೂ ಕೈಯಿಂದಲೇ. ಸ್ಕೂಟರಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಮನೆಗೆ ಅಂಥ ನಿಯಮವಿಲ್ಲ. ಪಾಲಿಸಿ ನವೀಕರಣದ ವೇಳೆ, ಹೊರಗಿನವರಿಗಾಗುವ ಹಾನಿಯನ್ನು ಭರಿಸುವ ಸಾರ್ವಜನಿಕ ಹೊಣೆಗಾರಿಕೆಯ ವಿಭಾಗ ಸೇರಿಸಬಹುದೇ, ಒಂದು ಘಟನೆಗೆ ಮಿತಿ ಎಷ್ಟು, ಸಾಕುನಾಯಿ ಕಚ್ಚಿದರೂ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು. ಗೃಹಸಾಲ ಕೊಡುವ ಬ್ಯಾಂಕುಗಳೂ ಈ ಆಯ್ಕೆಯನ್ನು ಅರ್ಜಿಯಲ್ಲೇ ಕನ್ನಡದಲ್ಲಿ ನಮೂದಿಸಲಿ.

– ಓದುಗ, ತುಮಕೂರು