ಮಹಿಳಾ ಮೀಸಲಾತಿಗೆ ಕ್ಷೇತ್ರ ಪುನರ್‌ವಿಂಗಡಣೆಯವರೆಗೆ ಕಾಯಿರಿ ಎನ್ನಬೇಡಿ: ನಮ್ಮ ಲೋಕಸಭಾ ಸದಸ್ಯರಿಗೊಂದು ಬಹಿರಂಗ ಪತ್ರ

10 ನವೆಂಬರ್ 2025

ಮಾನ್ಯ ಲೋಕಸಭಾ ಸದಸ್ಯರೇ,

2015ರಲ್ಲಿ ಗ್ರಾಮ ಪಂಚಾಯಿತಿಗೆ ಆಯ್ಕೆಯಾಗಿ ಮೊದಲ ಸಾಮಾನ್ಯ ಸಭೆಗೆ ಹೋದ ದಿನ, ನನ್ನ ಕುರ್ಚಿಯಲ್ಲಿ ನಮ್ಮ ಯಜಮಾನರು ಕುಳಿತಿದ್ದರು. ಅದು ಯಾರಿಗೂ ತಪ್ಪೆನಿಸಲಿಲ್ಲ, ನನಗೂ ಅನಿಸಲಿಲ್ಲ. ಬಾಗಿಲ ಬಳಿ ನಿಂತಿದ್ದೆ. ನಡಾವಳಿ ಪುಸ್ತಕವನ್ನು ಅಲ್ಲಿಗೇ ತಂದು ಸಹಿ ಹಾಕಿಸಿಕೊಂಡರು. ಐದನೇ ಸಭೆಯ ಹೊತ್ತಿಗೆ ಆ ಪುಸ್ತಕವನ್ನು ಮೊದಲ ಪುಟದಿಂದ ಓದಿದ್ದೆ. ನಮ್ಮ ಕೇರಿಯ ಕೊಳವೆಬಾವಿಯ ಮೋಟಾರು ರಿಪೇರಿಗೆ ಎರಡು ಸಲ ಬಿಲ್ ಆಗಿದ್ದನ್ನು ಬೆರಳಿಟ್ಟು ತೋರಿಸಿದೆ. ಅಂದಿನಿಂದ ಯಜಮಾನರು ನನ್ನನ್ನು ಬೈಕಿನಲ್ಲಿ ಪಂಚಾಯಿತಿಗೆ ಬಿಟ್ಟು ಹೊಲಕ್ಕೆ ಹೋಗತೊಡಗಿದರು.

ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳಾ ಮೀಸಲಾತಿಗೆ ಪುನರ್‌ವಿಂಗಡಣೆಯವರೆಗೆ ಕಾಯಿರಿ, ಹೆಂಗಸರು ಇನ್ನೂ ತಯಾರಾಗಿಲ್ಲ ಎಂದು ನಮ್ಮೂರ ಸಭೆಯಲ್ಲಿ ನೀವು ಹೇಳಿದಿರಿ. ನಾನು ತಯಾರಾದದ್ದು ಕುರ್ಚಿ ಸಿಕ್ಕಿದ ಮೇಲೆ.

ಪಂಚಾಯಿತಿಯಲ್ಲಿ ಮಹಿಳಾ ಮೀಸಲಾತಿ ತರುವಾಗ ನಮ್ಮ ರಾಜ್ಯ ಯಾರಿಗೂ ಕಾಯಲಿಲ್ಲ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಚುನಾವಣೆಯೂ ನಡೆಯಿತು. ದೇಶದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಈಗ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ನಮ್ಮದು.

ವಿಧಾನಸೌಧಕ್ಕೆ ಬನ್ನಿ: 2023ರಲ್ಲಿ 224 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು 10. ಮರುವರ್ಷ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 3. ಇದನ್ನು ಸರಿಪಡಿಸುತ್ತೇವೆಂದು 2023ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಸದನ, ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಡುವ ಸಂವಿಧಾನದ 106ನೇ ತಿದ್ದುಪಡಿಯನ್ನು 454–2 ಮತಗಳಿಂದ ಅಂಗೀಕರಿಸಿತು. ಟಿವಿ ಮುಂದೆ ಕೂತಿದ್ದ ನನ್ನ ಕಣ್ಣು ತುಂಬಿ ಬಂದಿತ್ತು. ಮರುದಿನ ಪತ್ರಿಕೆಯಲ್ಲಿ ಅದೇ ತಿದ್ದುಪಡಿ ಸೇರಿಸಿದ 334ಎ ವಿಧಿಯ ಷರತ್ತು ಓದಿದೆ: ಮುಂದಿನ ಜನಗಣತಿ ಮುಗಿಯಬೇಕು, ಅದರ ಅಂಕಿಅಂಶದ ಮೇಲೆ ಕ್ಷೇತ್ರ ಪುನರ್‌ವಿಂಗಡಣೆ, ಅಂದರೆ ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳ ಸಂಖ್ಯೆ, ಗಡಿಗಳನ್ನು ಹೊಸದಾಗಿ ನಿಗದಿಪಡಿಸುವುದು ಆಗಬೇಕು, ಮೀಸಲಾತಿ ಆಮೇಲೆ. 2021ರ ಗಣತಿಯೇ 2027ಕ್ಕೆ ಹೋಗಿದೆ. ಪುನರ್‌ವಿಂಗಡಣೆಯಾದರೆ ದಕ್ಷಿಣದ ಸ್ಥಾನಗಳ ಪಾಲು ಕುಗ್ಗುತ್ತದೆಂಬ ಜಗಳ ಬೇರೆ. ಅದು ನ್ಯಾಯವಾದ ಜಗಳವೇ. ಅದು ಬಗೆಹರಿಯುವವರೆಗೆ ನಮ್ಮ ಹಕ್ಕನ್ನು ಅದರ ಬಾಲಕ್ಕೆ ಏಕೆ ಕಟ್ಟಿದ್ದೀರಿ? ಇರುವ 543 ಕ್ಷೇತ್ರಗಳಲ್ಲೇ ಮೂರನೇ ಒಂದು ಭಾಗವನ್ನು ಗುರುತಿಸಲು ಯಾವ ಗಡಿಯನ್ನೂ ಅಳಿಸಬೇಕಾಗಿಲ್ಲ. ಪ್ರತಿ ಪಂಚಾಯಿತಿ ಚುನಾವಣೆಗೂ ವಾರ್ಡುಗಳ ಮೀಸಲು ಪಟ್ಟಿ ಹೊರಡುತ್ತದೆ. ನಾವು ಅದನ್ನು ನೋಟಿಸ್ ಬೋರ್ಡಿನಲ್ಲಿ ಓದಿ ನಾಮಪತ್ರ ತುಂಬುತ್ತೇವೆ.

ಚಳಿಗಾಲದ ಅಧಿವೇಶನ ಹತ್ತಿರದಲ್ಲಿದೆ. 334ಎ ವಿಧಿಯಿಂದ ಆ ಷರತ್ತನ್ನು ತೆಗೆಯಲು, ಸಚಿವರಲ್ಲದ ಸದಸ್ಯರು ತರಬಹುದಾದ ಖಾಸಗಿ ಮಸೂದೆ ಮಂಡಿಸಿ. ಅದು ಅಂಗೀಕಾರವಾಗುವುದು ಕಷ್ಟವೆಂದು ಬಲ್ಲೆ. ಆದರೂ ನಮ್ಮ ಕ್ಷೇತ್ರದ ಹೆಸರಿನಲ್ಲಿ ಅದು ಕಡತಕ್ಕೆ ಸೇರಲಿ. ಒಂದು ಪ್ರತಿಯನ್ನು ನಮ್ಮ ಪಂಚಾಯಿತಿಗೆ ಕಳುಹಿಸಿ, ಮುಂದಿನ ಗ್ರಾಮಸಭೆಯಲ್ಲಿ ನಾನೇ ಎದ್ದು ನಿಂತು ಓದುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮಾಜಿ ಗ್ರಾಮ ಪಂಚಾಯಿತಿ ಸದಸ್ಯೆ